ಪದಚರ್ಚೆ: ಮಯೋಸ್ಟ್ಯಾಟಿನ್‌ಗೆ ‘ಸ್ನಾಯುಸ್ತಂಭಕ’ ಅನ್ನಬಹುದೇ?

ಪ್ರಶ್ನೆ:

ಸ್ನಾಯುಗಳ ಬೆಳವಣಿಗೆಯನ್ನು ನಿಯಂತ್ರಿಸುವ ಪ್ರೋಟೀನುಗಳ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಅನುವಾದವಾಗುತ್ತಿದೆ. ಈ ವಾಕ್ಯ ಸರಿಹೋಗುತ್ತಿಲ್ಲ: “ಸ್ನಾಯುಸ್ತಂಭಕ ಎಂಬ ಬೆಳವಣಿಗೆ ಅಂಶವು ಪೇಶಿಕೋಶದ ಗ್ರಾಹಕವನ್ನು ಬಂಧಿಸಿ ಸಂಕೇತ ಕಳುಹಿಸುತ್ತದೆ, ಫಾಲಿಸ್ಟ್ಯಾಟಿನ್ ಇದರ ನಿರೋಧಕ.” ಮಯೋಸ್ಟ್ಯಾಟಿನ್ ಎಂಬ ಪ್ರೋಟೀನಿಗೆ ‘ಸ್ನಾಯುಸ್ತಂಭಕ’ ಒಪ್ಪುತ್ತದೆಯೇ? ಸ್ನಾಯು, ಪೇಶಿ, ಮಾಂಸಖಂಡ, ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ರಿಸೆಪ್ಟರ್‌ಗೆ ‘ಗ್ರಾಹಕ’ ಎಂದರೆ ಅಂಗಡಿಗೆ ಬಂದ ಗಿರಾಕಿ ನೆನಪಾಗುತ್ತಾನೆ, ಬೇರೆ ಪದ ಇದೆಯೇ?

ಉತ್ತರ 1:

ಒಂದೊಂದೇ ಪದ ತೆಗೆದುಕೊಂಡರೆ ನಿಘಂಟು ಎಲ್ಲದಕ್ಕೂ ಒಪ್ಪಿಗೆ ಕೊಡುತ್ತದೆ. ಒಟ್ಟಿಗೆ ಓದಿದಾಗ ಅರ್ಥ ತಲೆಕೆಳಗಾಗುತ್ತದೆ. ‘ಬೆಳವಣಿಗೆ ಅಂಶ’ ಎಂದು ಓದಿದ ಮಗು, ಇದು ಸ್ನಾಯು ಬೆಳೆಸುವ ವಸ್ತು ಅಂದುಕೊಳ್ಳುತ್ತದೆ. ಮಯೋಸ್ಟ್ಯಾಟಿನ್ ಮಾಡುವುದು ಅದರ ವಿರುದ್ಧದ ಕೆಲಸ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್, ಆನ್ ಲಾಲರ್, ಸೆ-ಜಿನ್ ಲೀ ಅವರು ಇಲಿಗಳಲ್ಲಿ ಈ ಜೀನನ್ನು ಕೆಲಸ ಮಾಡದಂತೆ ಮಾಡಿದಾಗ, ಒಂದೊಂದು ಸ್ನಾಯುವೂ ಮಾಮೂಲಿಗಿಂತ ಎರಡರಿಂದ ಮೂರು ಪಟ್ಟು ತೂಗಿತು. ಅದು ಪ್ರಕಟವಾದದ್ದು 1997ರಲ್ಲಿ. ಅದರ ಇನ್ನೊಂದು ಹೆಸರಾದ ಜಿಡಿಎಫ್-8ರಲ್ಲಿ (ಗ್ರೋತ್ ಡಿಫರೆನ್ಸಿಯೇಶನ್ ಫ್ಯಾಕ್ಟರ್-8) ‘ಬೆಳವಣಿಗೆ’ ಎಂಬ ಮಾತು ಇರುವುದು ಅದು ಹುಟ್ಟಿದ ಪ್ರೋಟೀನ್ ಮನೆತನದಿಂದಾಗಿ. ಆ ಹೆಸರನ್ನು ಅಕ್ಷರಶಃ ಕನ್ನಡಿಸಿದರೆ ಓದುಗರು ದಾರಿ ತಪ್ಪುತ್ತಾರೆ.

‘ಸ್ನಾಯುಸ್ತಂಭಕ’ ನನಗೆ ಒಪ್ಪಿಗೆಯಿಲ್ಲ. ನಮ್ಮ ವೈದ್ಯ ಪರಿಭಾಷೆಯಲ್ಲಿ ಸ್ತಂಭ ಎಂದರೆ ಅಲುಗಾಡದಂತೆ ಸೆಟೆದು ನಿಲ್ಲುವುದು. ತೊಡೆ ಮರಗಟ್ಟುವ ಕಾಯಿಲೆಗೆ ಆಯುರ್ವೇದದಲ್ಲಿ ಊರುಸ್ತಂಭ ಎಂದೇ ಹೆಸರು. ಸ್ನಾಯುಸ್ತಂಭಕ ಎಂದರೆ ಲಕ್ವ ಹೊಡೆಸುವ ವಿಷವೇನೋ ಅನ್ನಿಸುತ್ತದೆ. ಮಯೋಸ್ಟ್ಯಾಟಿನ್ ಚಲನೆಯನ್ನು ಮುಟ್ಟುವುದಿಲ್ಲ, ಸ್ನಾಯು ಎಷ್ಟು ದಪ್ಪವಾಗಬೇಕು ಎಂಬುದನ್ನಷ್ಟೇ ಹಿಡಿದಿಡುತ್ತದೆ. ಹೆಸರನ್ನು ಹಾಗೇ ಬಿಟ್ಟು, ಮೊದಲ ಸಲ ಬಂದಾಗ ‘ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನ್’ ಎಂದು ವಿವರಿಸಿ. ‘ಬ್ರೇಕ್’ ಎಂದರೆ ನಿಂತೇಬಿಡುತ್ತದೆ ಅನ್ನಿಸಬಹುದು, ಕಡಿವಾಣದಲ್ಲಿ ಬಿಗಿ-ಸಡಿಲ ಎರಡಕ್ಕೂ ಜಾಗವಿದೆ. ಇಲ್ಲೂ ಪ್ರಮಾಣದ ಮಾತೇ: ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವ ವಿಪೆಟ್ ನಾಯಿಗಳು ಕಟ್ಟುಮಸ್ತಾಗಿ, ಓಟದಲ್ಲಿ ಮುಂದಿರುತ್ತವೆ, ಎರಡೂ ಕೆಟ್ಟಿದ್ದರೆ ಮೈಯೆಲ್ಲ ಉಬ್ಬಿ ಬೇರೆಯೇ ತಳಿಯಂತೆ ಕಾಣುತ್ತವೆ.

ಮೂಲ ಹೆಸರಿನ ಬೇರು ಮಾತ್ರ ನಮಗೆ ದೂರದ್ದಲ್ಲ. ಗ್ರೀಕಿನ ‘ಮೂಸ್’ಗೆ ಇಲಿ ಮತ್ತು ಸ್ನಾಯು ಎಂಬ ಎರಡೂ ಅರ್ಥ, ಅದು ನಮ್ಮ ಮೂಷಕದ ಬಂಧು. ‘ಸ್ಟ್ಯಾಟಿನ್’ನ ಮೂಲ ‘ಸ್ತಾತೋಸ್’, ಸ್ಥಿತ-ಸ್ಥಿತಿಗಳ ಬಂಧು. ಚರ್ಮದಡಿ ಓಡಾಡುವ ಗಂಟು ಅವರ ಕಣ್ಣಿಗೆ ಇಲಿಯಾಯಿತು, ಕನ್ನಡಿಗರಿಗೆ ಕಾಲ ಹಿಂಭಾಗದ ಅದೇ ಗಂಟು ಮೀನಾಗಿ ಕಂಡು ‘ಮೀನಖಂಡ’ ಹುಟ್ಟಿತು. ಇಂಥ ಪದ ನಮ್ಮಲ್ಲೇ ಇರುವಾಗ ಲೇಖನದಲ್ಲಿ ‘ಕಾಲಿನ ಹಿಂಬದಿಯ ಸ್ನಾಯು’ ಎಂದು ಎಳೆಯುವುದು ಬೇಡ.

ಇನ್ನೊಂದು ಎಚ್ಚರಿಕೆ. ‘ಸ್ಟ್ಯಾಟಿನ್’ ಎಂದರೆ ಮನೆಮಂದಿಗೆ ಗೊತ್ತಿರುವುದು ಕೊಲೆಸ್ಟ್ರಾಲ್ ಮಾತ್ರೆ. ಆ ಮಾತ್ರೆಗಳಿಂದ ಕೆಲವರಿಗೆ ಸ್ನಾಯುನೋವು ಬರುವುದೂ ಉಂಟು, ಹಾಗಾಗಿ ಗೊಂದಲ ಇನ್ನೂ ಗಟ್ಟಿಯಾಗುತ್ತದೆ. ಎರಡಕ್ಕೂ ಸಂಬಂಧವಿಲ್ಲ ಎಂದು ಒಂದು ಸಾಲು ಸೇರಿಸಿ.

ಈಗ ಸ್ನಾಯು-ಪೇಶಿ. ಸುಶ್ರುತ ಸಂಹಿತೆಯ ಶಾರೀರಸ್ಥಾನ ದೇಹದಲ್ಲಿ 500 ಪೇಶಿ, 900 ಸ್ನಾಯು ಎಂದು ಎಣಿಸುತ್ತದೆ. ಅಲ್ಲಿ ಪೇಶಿ ಮಾಂಸದ ಕಟ್ಟು. ಸ್ನಾಯು ಎಂದರೆ ಕಟ್ಟಿ ಹಿಡಿಯುವ ನಾರು. ಆಮೇಲೆ ಒಂದೊಂದು ಭಾಷೆ ಒಂದೊಂದು ದಾರಿ ಹಿಡಿಯಿತು: ಬಂಗಾಳಿಯಲ್ಲಿ ಸ್ನಾಯು ಎಂದರೆ ನರ, ಹಿಂದಿಯ ಪರಿಭಾಷೆಯಲ್ಲಿ ಮೂಳೆ-ಮೂಳೆ ಕಟ್ಟುವ ಪಟ್ಟಿ, ಮರಾಠಿಯಲ್ಲಿ ನಮ್ಮಂತೆಯೇ ಮಾಂಸಖಂಡ. ಪೇಶಿ ಎಂದರೆ ಹಿಂದಿಯಲ್ಲಿ ಮಾಂಸಖಂಡ, ಮರಾಠಿಯಲ್ಲಿ ಜೀವಕೋಶ! ಬೆಳಗಾವಿ ಕಡೆ ಎರಡೂ ಭಾಷೆ ಓದುವ ಮಕ್ಕಳಿಗೆ ‘ಪೇಶಿಕೋಶ’ ಎಂದರೆ ಕೋಶಕೋಶ ಅಂದಂತೆ. ಕನ್ನಡದ ಪಠ್ಯಗಳಲ್ಲಿ ಸ್ನಾಯು ನೆಲೆನಿಂತಿದೆ, ಅದನ್ನೇ ಉಳಿಸಿ: ಅಸ್ಥಿಸ್ನಾಯು, ಸ್ನಾಯು ಎಳೆ, ಸ್ನಾಯುಕೋಶ; ಮೂಳೆಗೆ ಸೇರಿಸುವ ಹುರಿಗೆ ಸ್ನಾಯುರಜ್ಜು. ಒಂದೇ ಲೇಖನದಲ್ಲಿ ಮೂರನ್ನೂ ಬೆರೆಸಿದರೆ ಮೂರು ಬೇರೆ ವಸ್ತುಗಳೇನೋ ಎಂದು ಮಕ್ಕಳು ತಡಕಾಡುತ್ತಾರೆ.

‘ಬಂಧಿಸಿ’ ಎಂಬಲ್ಲಿ ಕೆಲಸ ನಡೆಯುವ ಕ್ರಮ ನೋಡಬೇಕು. ಮಯೋಸ್ಟ್ಯಾಟಿನ್ 375 ಅಮೈನೋ ಆಮ್ಲಗಳ ಉದ್ದನೆಯ ಸರವಾಗಿ ತಯಾರಾಗುತ್ತದೆ. ಫ್ಯೂರಿನ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ, ಕೊನೆಯ 109ರ ತುಂಡೇ ಕೆಲಸದ ಭಾಗ. ಅಂಥ ಎರಡು ತುಂಡುಗಳು ಜೋಡಿಯಾಗಿರುತ್ತವೆ. ಆದರೆ ಕತ್ತರಿಸಿದ ಮುಂಭಾಗ ಬಿಟ್ಟುಹೋಗದೆ ಜೋಡಿಯನ್ನು ಅಪ್ಪಿಕೊಂಡೇ ಇರುತ್ತದೆ. ಈ ಹಂತಕ್ಕೆ ‘ಸುಪ್ತ’ ಚೆನ್ನಾಗಿ ಹೊಂದುತ್ತದೆ, ‘ನಿಷ್ಕ್ರಿಯ’ ಎಂದರೆ ಕೆಟ್ಟುಹೋಗಿದೆ ಅನ್ನಿಸೀತು. ಇನ್ನೊಂದು ಕಿಣ್ವ ಆ ಅಪ್ಪುಗೆಯನ್ನು ಕಡಿದ ಮೇಲೆಯೇ ಮಯೋಸ್ಟ್ಯಾಟಿನ್ ಬಿಡುಗಡೆಯಾಗಿ ಕೋಶದ ಹೊರಮೈಯ ಆಕ್ಟಿವಿನ್ 2ಬಿ ಗ್ರಾಹಿಗೆ ಹೋಗಿ ಕೂರುತ್ತದೆ. ಕೂರುವುದಕ್ಕೆ ‘ಬಂಧಿಸು’ ಎಂದರೆ ಯಾರು ಯಾರನ್ನು ಸೆರೆಹಿಡಿದರು ಎಂಬ ಪ್ರಶ್ನೆ ಏಳುತ್ತದೆ. ‘ಗ್ರಾಹಿಗೆ ಅಂಟಿಕೊಳ್ಳುತ್ತದೆ’ ಅನ್ನಿ. ಬಂಧಿಸು ನಿಜವಾಗಿ ಒಪ್ಪುವುದು ಫಾಲಿಸ್ಟ್ಯಾಟಿನ್‌ಗೆ: ಎರಡು ಫಾಲಿಸ್ಟ್ಯಾಟಿನ್‌ಗಳು ಮಯೋಸ್ಟ್ಯಾಟಿನ್ ಜೋಡಿಯನ್ನು ಎರಡೂ ಕಡೆಯಿಂದ ಸುತ್ತುವರಿದು, ಗ್ರಾಹಿಗೆ ತಾಗಬೇಕಾದ ಮೈಯನ್ನೇ ಮುಚ್ಚಿಬಿಡುತ್ತವೆ.

ಗ್ರಾಹಕಕ್ಕೆ ಬದಲಾಗಿ ಗ್ರಾಹಿ ಎಂದದ್ದು ನೀವು ಹೇಳಿದ ಕಾರಣಕ್ಕೇ.

‘ಸಂಕೇತ’ವೂ ಇಲ್ಲಿ ಬೇಡ, ಏಕೆಂದರೆ ಅದೇ ಪಾಠದಲ್ಲಿ ತಳಿಸಂಕೇತ ಬಂದೇ ಬರುತ್ತದೆ. ಅಚ್ಚಗನ್ನಡ ಅನ್ನಿಸುವ ‘ಸನ್ನೆ’ ಆಕರ್ಷಕ. ಆದರೆ ಮುಂಗೈ ಮೂರನೇ ವರ್ಗದ ಸನ್ನೆ (ಲಿವರ್) ಎಂದು ಭೌತವಿಜ್ಞಾನದ ಪಾಠ ಈಗಾಗಲೇ ಹೇಳಿಕೊಟ್ಟಿದೆ, ಅದೂ ಸ್ನಾಯುವಿನ ಉದಾಹರಣೆ ಕೊಟ್ಟು. ಉಳಿಯುವುದು ಸಂಜ್ಞೆ, ಸಂಜ್ಞಾ ಪ್ರೋಟೀನ್. ಗ್ರಾಹಿ ಪಡೆದ ಸಂಜ್ಞೆ ಸ್ಮ್ಯಾಡ್ 2, ಸ್ಮ್ಯಾಡ್ 3 ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ, ಅವು ಕೋಶಕೇಂದ್ರಕ್ಕೆ ಹೋಗಿ ಜೀನುಗಳ ಕೆಲಸ ಬದಲಿಸುತ್ತವೆ. ಇತ್ತ ಕೋಶದೊಳಗಿನ ಎಕೆಟಿ ಎಂಬ ಇನ್ನೊಂದು ಪ್ರೋಟೀನಿನ ಕೆಲಸ ಕುಗ್ಗುತ್ತದೆ. ಇನ್ಸುಲಿನ್‌ನಂಥ ಐಜಿಎಫ್-1 ಎಂಬ ಹಾರ್ಮೋನು ಬೆಳೆಸುವ ಸಂಜ್ಞೆ ಕಳಿಸುವುದು ಇದೇ ಎಕೆಟಿಯ ಮೂಲಕ. ಎಕೆಟಿ ಚುರುಕಾಗಿದ್ದರೆ ಎಂಟಾರ್ ಎಂಬ ಕಿಣ್ವ ಕೋಶದಲ್ಲಿ ಪ್ರೋಟೀನುಗಳ ತಯಾರಿಕೆಯನ್ನು ಹೆಚ್ಚಿಸುತ್ತದೆ, ಸ್ನಾಯು ಒಡೆಯುವ ಜೀನುಗಳನ್ನು ಎಬ್ಬಿಸುವ ಫಾಕ್ಸ್‌ಒ ಎಂಬ ಪ್ರೋಟೀನ್ ಕೋಶಕೇಂದ್ರದ ಹೊರಗೇ ಉಳಿಯುತ್ತದೆ. ‘ಬೆಳವಣಿಗೆಕಾರಕ’ ಎಂಬ ಬಿರುದು ಕೊಡುವುದಿದ್ದರೆ ಐಜಿಎಫ್-1ಕ್ಕೆ ಕೊಡಿ.

ಕೊನೆಗೆ ‘ನಿರೋಧಕ’. ರೋಗನಿರೋಧಕ, ಇನ್ಸುಲಿನ್ ನಿರೋಧಕತೆ ಎಂದು ಅದು ಈಗಾಗಲೇ ಎರಡು ದಿಕ್ಕಿಗೆ ಎಳೆಯಲ್ಪಟ್ಟಿದೆ. ಸಮಾಸವಾದರಂತೂ ಕರ್ತೃ-ಕರ್ಮ ಕಲಸಿಹೋಗುತ್ತವೆ: ‘ಮಯೋಸ್ಟ್ಯಾಟಿನ್ ತಡೆ’ ಎಂದರೆ ಅದು ಒಡ್ಡುವ ತಡೆಯೋ, ಅದಕ್ಕೇ ಒಡ್ಡುವ ತಡೆಯೋ? ತಡೆಯನ್ನು ತಡೆಯುವ ವಿಷಯವಾದ್ದರಿಂದ ವಿಭಕ್ತಿ ಬಿಡಲೇಬೇಡಿ. ವಾಕ್ಯ ಹೀಗಿರಲಿ:

“ಮಯೋಸ್ಟ್ಯಾಟಿನ್ ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಸಂಜ್ಞಾ ಪ್ರೋಟೀನ್. ಅದು ಸ್ನಾಯುಕೋಶದ ಗ್ರಾಹಿಗೆ ಅಂಟಿಕೊಂಡಾಗ ‘ಬೆಳೆದದ್ದು ಸಾಕು’ ಎಂಬ ಸಂಜ್ಞೆ ಒಳಗೆ ಹೋಗುತ್ತದೆ. ಫಾಲಿಸ್ಟ್ಯಾಟಿನ್ ಮಯೋಸ್ಟ್ಯಾಟಿನ್ನನ್ನೇ ಬಂಧಿಸಿ, ಆ ಕಡಿವಾಣವನ್ನು ಸಡಿಲಿಸುತ್ತದೆ.”

ಉತ್ತರ 2 (ಪಶುವೈದ್ಯಕೀಯದ ಕಡೆಯಿಂದ):

ಮೇಲಿನದಕ್ಕೆ ಒಂದು ತಕರಾರು, ಒಂದು ಸೇರ್ಪಡೆ. ಪಾಠಕ್ಕೆ ಸ್ನಾಯು ಸರಿ. ಆದರೆ ರೈತರಿಗೆ ಬರೆಯುವ ಕರಪತ್ರದಲ್ಲಿ ಮಾಂಸಖಂಡವೇ ಇರಲಿ. ಹಳ್ಳಿಯಲ್ಲಿ ‘ಸ್ನಾಯು’ವನ್ನು ನರದ ಜೊತೆ ಕಲಸಿಕೊಳ್ಳುವವರು ಬಹಳ.

ಸೇರ್ಪಡೆ ‘ಬೆಳವಣಿಗೆ’ ಪದದ ಬಗ್ಗೆ. ಬೆಲ್ಜಿಯನ್ ಬ್ಲೂ ದನಗಳ ಮಯೋಸ್ಟ್ಯಾಟಿನ್ ಜೀನಿನಲ್ಲಿ ಡಿಎನ್‌ಎಯ 11 ಅಕ್ಷರ ಬಿಟ್ಟುಹೋಗಿವೆ, ಹಾಗಾಗಿ ಪ್ರೋಟೀನ್ ಪೂರ್ತಿಯಾಗುವುದಿಲ್ಲ. ಇಂಗ್ಲಿಷಿನಲ್ಲಿ ಇವುಗಳಿಗೆ ಹೇಳುವ ‘ಡಬಲ್-ಮಸಲ್ಡ್’ ಎಂಬುದನ್ನು ‘ಇಮ್ಮಡಿ ಸ್ನಾಯುವಿನ ದನ’ ಎಂದು ಅನುವಾದಿಸುವುದು ತಪ್ಪು. ಅವುಗಳಿಗೆ ಮಾಂಸಖಂಡಗಳು ಎರಡರಷ್ಟಿಲ್ಲ, ತೂಕವೂ ದುಪ್ಪಟ್ಟಲ್ಲ. ಹೆಚ್ಚಳ ಸುಮಾರು ಶೇ 20ರಷ್ಟು, ಅದೂ ಮುಖ್ಯವಾಗಿ ಎಳೆಗಳ ಸಂಖ್ಯೆ ಏರಿದ್ದರಿಂದ. ವ್ಯಾಯಾಮದಿಂದ ಆಗುವುದು ಬೇರೆ, ಅಲ್ಲಿ ಇರುವ ಎಳೆಗಳೇ ದಪ್ಪವಾಗುತ್ತವೆ. ಎರಡಕ್ಕೂ ‘ಅತಿವೃದ್ಧಿ’ ಎಂದರೆ ವ್ಯತ್ಯಾಸ ಕಳೆದುಹೋಗುತ್ತದೆ. ಮೊದಲನೆಯದಕ್ಕೆ ‘ಎಳೆ ಹೆಚ್ಚುವಿಕೆ’, ಎರಡನೆಯದಕ್ಕೆ ‘ಎಳೆ ದಪ್ಪವಾಗುವಿಕೆ’ ಎಂದರೆ ಯಾರಿಗೂ ಟಿಪ್ಪಣಿ ಬೇಕಿಲ್ಲ. ದನದ ವಿಷಯದಲ್ಲಿ ‘ಮೈತುಂಬಿದ ತಳಿ’ ಎಂದು ಹೊಗಳಿ ನಿಲ್ಲಿಸಲೂಬಾರದು. ಕರು ಹೊಟ್ಟೆಯಲ್ಲೇ ದಪ್ಪ, ತಾಯಿಯ ಹೆರಿಗೆದಾರಿ ಕಿರಿದು. ಆ ತಳಿಯಲ್ಲಿ ಹೆಚ್ಚಿನ ಕರುಗಳನ್ನು ಸಿಸೇರಿಯನ್ ಮಾಡಿಯೇ ತೆಗೆಯಬೇಕಾಗುತ್ತದೆ.