ಶೀಟ್ ಹಿಗ್ಗಿಸುವಾಗ ನೆಕ್ಕಿಂಗ್ (ಒಂದು ಗೆರೆಯಲ್ಲಿ ಮಾತ್ರ ತೆಳುವಾಗುವುದು): ಯಾವ ಮಿತಿಯನ್ನು ನಂಬುವುದು?

ಪ್ರಶ್ನೆ: 0.8 ಮಿ.ಮೀ. ಮೈಲ್ಡ್ ಸ್ಟೀಲ್ ಶೀಟ್, ಎನ್ ಮೌಲ್ಯ (ಹಿಗ್ಗಿದಂತೆ ಲೋಹ ಗಟ್ಟಿಯಾಗುವ ಪ್ರಮಾಣ) 0.20. ಕೀಲರ್ ಸೂತ್ರದಿಂದ ಪ್ಲೇನ್ ಸ್ಟ್ರೇನ್ (ಒಂದು ದಿಕ್ಕಿಗೆ ಹಿಗ್ಗಿ, ಅಗಲದಲ್ಲಿ ಬದಲಾಗದ ಸ್ಥಿತಿ) ಮಿತಿ 33% ಬರುತ್ತದೆ, ಹಿಲ್ ಲೆಕ್ಕದಲ್ಲಿ 0.20. ಸಿಮ್ಯುಲೇಷನ್‌ನಲ್ಲಿ ಪಂಚ್ ರೇಡಿಯಸ್ ಬಳಿ ಮೇಜರ್ (ಅತಿ ಹೆಚ್ಚು ಹಿಗ್ಗುವ ದಿಕ್ಕಿನ) ಟ್ರೂ ಸ್ಟ್ರೇನ್ 0.30, ಮೈನರ್ (ಅದಕ್ಕೆ ಅಡ್ಡ ದಿಕ್ಕಿನದು) ಬಹುತೇಕ ಸೊನ್ನೆ. 33ರ ಒಳಗೇ ಇದ್ದರೂ ಅಲ್ಲಿ ಗೆರೆಯ ಹಾಗೆ ತಗ್ಗು ಬೀಳುತ್ತಿದೆ. ಯಾಕೆ?

ಉತ್ತರ 1: ಎರಡು ಬೇರೆ ಅಳತೆಗಳನ್ನು ಹೋಲಿಸಿದ್ದೀರಿ. ಕೀಲರ್ ಸೂತ್ರ (ದಪ್ಪ × 14.13 + 23.3, ಅದನ್ನು ಎನ್/0.21ರಿಂದ ಗುಣಿಸಬೇಕು) ಕೊಡುವುದು ಇಂಜಿನಿಯರಿಂಗ್ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದ ಶೇಕಡಾ ಹೆಚ್ಚಳ). 1.33ರ ನ್ಯಾಚುರಲ್ ಲಾಗ್ ತೆಗೆದರೆ ಟ್ರೂ ಸ್ಟ್ರೇನ್ 0.285. ನಿಮ್ಮ 0.30 ಆಗಲೇ ಮಿತಿ ದಾಟಿದೆ. ಡೈ ಟ್ರಯಲ್‌ಗೆ 10 ಶೇಕಡಾ ಅಂಕ ಕಡಿಮೆ ಇಟ್ಟುಕೊಳ್ಳಿ: 23%, ಅಂದರೆ ಟ್ರೂ 0.207. ಈ ಸೂತ್ರ ಕಡಿಮೆ ಇಂಗಾಲದ ಉಕ್ಕಿಗೆ ಮಾತ್ರ, ಅಲ್ಯೂಮಿನಿಯಂಗೆ ದಯವಿಟ್ಟು ಹಾಕಬೇಡಿ.

ಉತ್ತರ 2: ಹಿಲ್ ಲೆಕ್ಕ ತಪ್ಪಲ್ಲ, ಅದರ ವ್ಯಾಪ್ತಿ ಚಿಕ್ಕದು. ಮೇಜರ್, ಮೈನರ್ ಎರಡರ ಮೊತ್ತ ಎನ್‌ಗೆ ಸಮವಾದಾಗ ನೆಕ್ ಎನ್ನುತ್ತದೆ. ದಪ್ಪವನ್ನಾಗಲಿ ಸ್ಟ್ರೇನ್ ರೇಟ್ (ಹಿಗ್ಗುವ ವೇಗ) ಪರಿಣಾಮವನ್ನಾಗಲಿ ಗಣಿಸುವುದಿಲ್ಲ. ನೆಕ್ ಮೂಡುವ ಗೆರೆಯ ಉದ್ದಕ್ಕೂ ಹಿಗ್ಗುವಿಕೆ ಸೊನ್ನೆಯಾಗಿರಬೇಕು. ಎರಡೂ ದಿಕ್ಕಿಗೆ ಎಳೆದಾಗ ಅಂಥ ಗೆರೆಯೇ ಸಿಗದು, ಹಾಗಾಗಿ ಮಿತಿ ವಕ್ರರೇಖೆಯ (ಮೈನರ್ ಸ್ಟ್ರೇನ್‌ಗೆ ತಕ್ಕ ಮೇಜರ್ ಸ್ಟ್ರೇನ್ ಮಿತಿ ತೋರಿಸುವ ರೇಖೆ) ಬಲಭಾಗಕ್ಕೆ, ಅಂದರೆ ಮೈನರ್ ಧನಾತ್ಮಕವಾದ ಕಡೆಗೆ, ಇದು ಬಾರದು. ಅಲ್ಲಿ ಮಾರ್ಸಿನಿಯಾಕ್-ಕುಚಿನ್ಸ್ಕಿ ಮಾದರಿ (1967) ಬೇಕು: ಶೀಟ್‌ನಲ್ಲಿ ತುಸು ತೆಳುವಾದ ಪಟ್ಟಿಯೊಂದಿದೆ ಎಂದಿಟ್ಟುಕೊಂಡು, ಸ್ಟ್ರೇನ್ ಅಲ್ಲಿಗೇ ಒಟ್ಟುಗೂಡುವ ಹಂತವನ್ನು ಹುಡುಕುತ್ತದೆ. ಪಟ್ಟಿಯ ದಪ್ಪದ ಅನುಪಾತವನ್ನು ಮೇಲ್ಮೈ ಒರಟುತನದಿಂದ ಊಹಿಸಬೇಡಿ, ಪ್ಲೇನ್ ಸ್ಟ್ರೇನ್ ಪರೀಕ್ಷೆಯ ಬಿಂದುವಿಗೆ ಹೊಂದಿಸಿ. ಬಲಭಾಗದ ಫಲಿತಾಂಶ ಯೀಲ್ಡ್ ಸರ್ಫೇಸ್ (ಲೋಹದ ಆಕಾರ ಶಾಶ್ವತವಾಗಿ ಬದಲಾಗಲು ಶುರುವಾಗುವ ಒತ್ತಡಗಳ ಗಡಿ) ಆಕಾರದ ಮೇಲೆ ತುಂಬಾ ನಿಂತಿದೆ.

ಉತ್ತರ 3: ಒಂದಕ್ಕಿಂತ ಹೆಚ್ಚು ಹಂತದಲ್ಲಿ ಒತ್ತುತ್ತಿದ್ದರೆ ಸ್ಟ್ರೇನ್ ಪಾತ್ (ಮೇಜರ್, ಮೈನರ್ ಸ್ಟ್ರೇನ್‌ಗಳು ಬೆಳೆಯುವ ದಾರಿ) ಕೂಡ ನೋಡಿ. ಮಿತಿ ವಕ್ರರೇಖೆ ನೇರ ಪಾತ್‌ಗೆ ಮಾತ್ರ ಸರಿ. ಮೊದಲು ಎರಡೂ ದಿಕ್ಕಿಗೆ ಸಮನಾಗಿ ಹಿಗ್ಗಿಸಿ ಆಮೇಲೆ ಪ್ಲೇನ್ ಸ್ಟ್ರೇನ್‌ಗೆ ತಿರುಗಿಸಿದರೆ ಮಿತಿ ಕುಸಿಯುತ್ತದೆ.

ಖಚಿತಪಡಿಸಿಕೊಳ್ಳಲು ಬ್ಲ್ಯಾಂಕ್ (ಒತ್ತುವ ಮೊದಲಿನ ಶೀಟ್ ತುಂಡು) ಮೇಲೆ 2.5 ಮಿ.ಮೀ. ವೃತ್ತಗಳ ಗ್ರಿಡ್ ಎಚ್ ಮಾಡಿ ಒತ್ತಿ. ಬಿರುಕು ಹಾದುಹೋದ ವೃತ್ತವನ್ನು ಅಳೆಯಬೇಡಿ, ಪಕ್ಕದ ವೃತ್ತ ಅಳೆಯಿರಿ. ಪರೀಕ್ಷೆಯಿಂದಲೇ ವಕ್ರರೇಖೆ ಬೇಕಾದರೆ ಐಎಸ್‌ಒ 12004-2 ಪ್ರಕಾರ 100 ಮಿ.ಮೀ. ಅರ್ಧಗೋಳ ಪಂಚ್‌ನ ನಾಕಾಜಿಮಾ ಪರೀಕ್ಷೆ ಮಾಡಿಸಿ: ಕನಿಷ್ಠ 5 ಬೇರೆ ಬೇರೆ ಅಗಲದ ಶೀಟ್ ತುಂಡುಗಳು, ಪ್ರತಿಯೊಂದಕ್ಕೂ 3 ಸರಿಯಾದ ಮಾದರಿಗಳು. ಬಿರುಕು ಪಂಚ್ ತುದಿಯಿಂದ ದೂರ ಬಂದರೆ ಲೂಬ್ರಿಕೇಷನ್ ಸಾಲದು, ಆ ಮಾದರಿ ಲೆಕ್ಕಕ್ಕಿಲ್ಲ.

ನಿಮ್ಮ ಡೈಗೆ ಮೊದಲು ಡ್ರಾ ಬೀಡ್ (ಶೀಟ್ ಒಳಹರಿವನ್ನು ತಡೆಯುವ ಡೈ ಅಂಚಿನ ಉಬ್ಬು) ಸಡಿಲಿಸಿ, ಶೀಟ್ ಒಳಗೆ ಹರಿಯಲಿ. ಸುಕ್ಕು ಬಂದರೆ ಮಾತ್ರ ಬೀಡ್ ಇನ್ನಷ್ಟು ಸಡಿಲಿಸದೆ ಪಂಚ್ ರೇಡಿಯಸ್ ಹೆಚ್ಚಿಸಿ.