100 ದಿನ 500 ಕಿ.ಮೀ. ನಡಿಗೆ: ಮಳೆಗೆ ಲೆಕ್ಕ ಹಿಂದೆ ಬಿದ್ದಿದೆ, ಸರಿದೂಗಿಸುವುದು ಹೇಗೆ?

ಅಜ್ಜರಕಾಡು ನಡಿಗ: ಜೂನ್ 1ಕ್ಕೆ ಶುರುವಾದ ಸವಾಲು, ಸೆಪ್ಟೆಂಬರ್ 8ಕ್ಕೆ ಮುಗಿಯಬೇಕು. ಇವತ್ತಿಗೆ 40 ದಿನ ಆಯ್ತು. 200 ಕಿ.ಮೀ. ಆಗಬೇಕಿತ್ತು, ಆದದ್ದು 150. ಶೂ ಒಣಗುವುದೇ ಇಲ್ಲ, ಬೆರಳ ಸಂದು ಬೆಳ್ಳಗಾಗಿ ಸುಲಿಯುತ್ತಿದೆ. ದಿನಕ್ಕೆ 10 ಕಿ.ಮೀ. ನಡೆದು ಬೇಗ ಸರಿಮಾಡಬಹುದಾ? ಉಡುಪಿಯ ಆಟಿ ತಿಂಗಳ ಮಳೆಯಲ್ಲೂ ನಡಿಗೆ ಬಿಡದವರು ದಯವಿಟ್ಟು ಹೇಳಿ.

ಕದ್ರಿ ಗುಡ್ಡೆ: ಒಮ್ಮೆಗೇ 10ಕ್ಕೆ ಹೋಗಬೇಡಿ ಮಾರಾಯ್ರೇ. ಈಗಿನ ಸರಾಸರಿ ದಿನಕ್ಕೆ ನಾಲ್ಕು ಕಿ.ಮೀ. ಸಹ ಇಲ್ಲ. ದುಪ್ಪಟ್ಟಿಗಿಂತ ಹೆಚ್ಚು ಮಾಡಿದರೆ ಮೊಣಕಾಲಿನ ಕೆಳಗೆ ಮುಂಬದಿಯ ಎಲುಬು, ಹಿಮ್ಮಡಿ ಎರಡೂ ಹಿಡಿದುಕೊಳ್ಳುತ್ತವೆ. ಆಮೇಲೆ ಎರಡು ವಾರ ಹಾಸಿಗೆಯೇ ಗತಿ.

ಉಳಿದದ್ದು 350 ಕಿ.ಮೀ., 60 ದಿನ. ದಿನಾ ನಡೆದರೆ 5.8 ಸಾಕು. ಆದರೆ ಜುಲೈಯಲ್ಲಿ ದಿನಾ ನಡೆಯುತ್ತೇನೆ ಎನ್ನುವ ಲೆಕ್ಕವೇ ತಪ್ಪು. ವಾರಕ್ಕೆ ಎರಡು ದಿನ ಮಳೆಗೆ ಬಿಟ್ಟುಕೊಡಿ. ಆಗ ನಡೆಯುವ ದಿನ ಸುಮಾರು 43, ದಿನಕ್ಕೆ 8 ಕಿ.ಮೀ. ಚಿಲ್ಲರೆ. ಈ ವಾರ ದಿನಕ್ಕೆ 6, ಮುಂದಿನ ವಾರ 7, ಹಾಗೆ ಏರಿಸಿ. ಈ ಎರಡು ವಾರದ ಕೊರತೆ ಆಗಸ್ಟ್ ಕೊನೆಗೆ, ಮಳೆ ಬಿಡುವು ಕೊಟ್ಟಾಗ, 9ರಂತೆ ನಡೆದರೆ ತುಂಬುತ್ತದೆ. ಬೆಳಿಗ್ಗೆ 4, ಸಂಜೆ 3 ಎಂದು ಒಡೆದರೆ ಇನ್ನೂ ಒಳ್ಳೆಯದು. ಗುರಿ ದಿನದ ಲೆಕ್ಕದಲ್ಲಿ ಬೇಡ, ವಾರದ ಲೆಕ್ಕದಲ್ಲಿ ಬರೆದಿಡಿ.

ಮಣ್ಣಪಳ್ಳ ಸುತ್ತು: ಕಿ.ಮೀ. ಲೆಕ್ಕಕ್ಕಿಂತ ಮೊದಲು ಪಾದ ನೋಡಿಕೊಳ್ಳಿ. ಮಳೆಗಾಲದಲ್ಲಿ ಸವಾಲು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಅಲ್ಲಿಯೇ.

ನೆನೆದ ಚರ್ಮ ಮೆತ್ತಗಾಗುತ್ತದೆ, ಸಾಕ್ಸ್ ಉಜ್ಜಿದಲ್ಲೆಲ್ಲ ಬೊಬ್ಬೆ ಏಳುತ್ತದೆ. ಹತ್ತಿ ಸಾಕ್ಸ್ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದು ಬೇಡ. ತೆಳು ಪಾಲಿಯೆಸ್ಟರ್ ಅಥವಾ ನೈಲಾನ್‌ನದ್ದು ತಗೊಳ್ಳಿ. ಹೊರಡುವ ಮೊದಲು ಒಣಗಿದ ಪಾದದ ಹಿಮ್ಮಡಿಗೆ, ಬೆರಳುಗಳಿಗೆ ವ್ಯಾಸಲೀನ್ ಹಚ್ಚಿ. ತೊಡೆ ಉಜ್ಜುವವರು ಅಲ್ಲಿಗೂ. ಜಿಪ್ ಕವರಿನಲ್ಲಿ ಒಂದು ಜೊತೆ ಒಣ ಸಾಕ್ಸ್ ಇರಲಿ, 4 ಕಿ.ಮೀ. ಆದ ಮೇಲೆ ಬದಲಿಸಿ.

ವಾಟರ್‌ಪ್ರೂಫ್ ಶೂಗೆ ದುಡ್ಡು ಹಾಕಬೇಡಿ. ನಮ್ಮ ಮಳೆಗೆ ನೀರು ಮೇಲಿನಿಂದ, ಕಾಲಿನ ಗುಂಟ ಇಳಿದು ಒಳಗೆ ಹೋಗುತ್ತದೆ. ಹೋದದ್ದು ಹೊರಗೆ ಬರುವುದಿಲ್ಲ. ಜಾಳಿಗೆ ಬಟ್ಟೆಯ ಸಾದಾ ಶೂ ನೆನೆದರೂ ನಡೆಯುತ್ತಾ ನಡೆಯುತ್ತಾ ನೀರು ಬಿಡುತ್ತದೆ. ಎರಡು ಜೊತೆ ಇರಲೇಬೇಕು, ಈ ತೇವಕ್ಕೆ ಒಂದು ರಾತ್ರಿಯಲ್ಲಿ ಯಾವ ಶೂವೂ ಒಣಗುವುದಿಲ್ಲ. ಮನೆಗೆ ಬಂದ ಕೂಡಲೇ ಒಳ ಅಟ್ಟೆ ತೆಗೆದು, ಹಳೆ ಪೇಪರ್ ಉಂಡೆ ತುಂಬಿ, ಒಂದು ಗಂಟೆಗೆ ಪೇಪರ್ ಬದಲಿಸಿ, ಮತ್ತೆ ಫ್ಯಾನಿನ ಕೆಳಗೆ ಇಡಿ. ಬಚ್ಚಲ ಒಲೆಯ ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಕಿತ್ತುಬರುತ್ತದೆ.

ನಿಮ್ಮ ಬೆರಳ ಸಂದು ಸುಲಿಯುವುದು ಹೆಚ್ಚಾಗಿ ಫಂಗಸ್. ಸೋಪಿನಲ್ಲಿ ತೊಳೆದು, ಸಂದುಗಳನ್ನು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಔಷಧಿ ಅಂಗಡಿಯಲ್ಲಿ ಕ್ಲೋಟ್ರಿಮಜೋಲ್ ಪುಡಿ, ಕ್ರೀಮ್ ಎರಡೂ ಉಂಟು. ಗುಣವಾಗದಿದ್ದರೆ ಡಾಕ್ಟರಿಗೆ ತೋರಿಸಿ. ಕಾಲಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಲೇಬೇಡಿ, ಇಲಿಜ್ವರ ಬರುವುದು ಹಾಗೆಯೇ. ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ನೀರಿಗಿಳಿದದ್ದನ್ನು ಬಾಯಿಬಿಟ್ಟು ಹೇಳಿ.

ಪಣಂಬೂರು ಗಾಳಿ: ಯಾವ ದಿನ ಬಿಡಬೇಕು ಎನ್ನುವುದನ್ನೂ ಸೇರಿಸುತ್ತೇನೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ. ರೆಡ್ ಅಲರ್ಟ್ ಇದ್ದರೆ ಹೊರಗಿನ ನಡಿಗೆ ಬೇಡವೇ ಬೇಡ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಉಂಟು, ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಮೊಬೈಲಿನಲ್ಲಿ ಇರಲಿ.

ಮಲ್ಪೆ, ಪಣಂಬೂರಿನ ಮರಳು ದಾರಿ ಈಗ ಬೇಡ. ಅಲೆ ಎಲ್ಲಿಯವರೆಗೆ ಬರುತ್ತದೆಂದು ಹೇಳಲಿಕ್ಕಾಗದು, ಇಳಿಜಾರಿನಲ್ಲಿ ಒಂದೇ ಕಾಲಿಗೆ ಭಾರ ಬೀಳುತ್ತದೆ ಬೇರೆ. ಮುರಕಲ್ಲಿನ ಮೆಟ್ಟಿಲು, ಹಾವಸೆ ಹಿಡಿದ ಅಂಗಳ ಬಿಟ್ಟು ಡಾಮರು ರಸ್ತೆ ಹಿಡಿಯಿರಿ. ನೀರು ಮುಚ್ಚಿದ ಅಂಚಿನಲ್ಲಿ ಚರಂಡಿ ಇರುತ್ತದೆ, ಕಾಲಿಡಬೇಡಿ. ಫುಟ್‌ಪಾತ್ ಇಲ್ಲದಲ್ಲಿ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ಗಾಳಿಗೆ ಕೊಡೆ ಮುಂದಕ್ಕೆ ಬಾಗಿದರೆ ದಾರಿಯೇ ಕಾಣದು. ಅಂಚಿರುವ ಟೋಪಿ, ಅದರ ಮೇಲೆ ತೆಳು ರೈನ್‌ಕೋಟು ವಾಸಿ. ಕರೆಂಟಿನ ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಅಜ್ಜರಕಾಡು ನಡಿಗ: ತುಂಬ ಉಪಕಾರ. ಹೊರಗೆ ಹೋಗದ ದಿನ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ ನಡೆದರೆ ಫೋನ್ ದೂರ ಸರಿ ತೋರಿಸುವುದಿಲ್ಲವಲ್ಲ?

ಕದ್ರಿ ಗುಡ್ಡೆ: ತೋರಿಸದು, ಸೂರಿನಡಿ ಜಿಪಿಎಸ್ ಸಿಗುವುದಿಲ್ಲ. ಟೇಪು ಹಿಡಿದು ಒಂದು ಸುತ್ತು ಅಳೆಯಿರಿ. 50 ಮೀಟರ್ ಆದರೆ 20 ಸುತ್ತಿಗೆ 1 ಕಿ.ಮೀ. ಕಿಸೆಯಲ್ಲಿ 20 ಹುಣಸೆ ಬೀಜ ಹಾಕಿ, ಸುತ್ತಿಗೊಂದರಂತೆ ಇನ್ನೊಂದು ಕಿಸೆಗೆ ದಾಟಿಸಿ. 10 ಸುತ್ತಿಗೊಮ್ಮೆ ದಿಕ್ಕು ಬದಲಿಸಿ, ಇಲ್ಲದಿದ್ದರೆ ತಿರುವಿನ ಒಳಬದಿಯ ಮೊಣಕಾಲು ನೋಯುತ್ತದೆ. ಗ್ರಾನೈಟ್ ನೆಲ ಒದ್ದೆಯಿದ್ದರೆ ಮೊದಲು ಒರೆಸಿಸಿ.