ಅಪ್‌ಡೇಟ್: ಕುಂಬಳಕಾಯಿ ಕೇಕು ಕೊನೆಗೂ ಬೆಂತು
ಹೋದ ವಾರ ಕೇಳಿದ್ನಲ್ಲ, ಸಿಹಿಕುಂಬಳಕಾಯಿ ಹಾಕಿದ ಗೋಧಿ ಕೇಕು ಮಧ್ಯದಲ್ಲಿ ಮುದ್ದೆ ಥರ ಹಸಿಹಸಿ ಉಳೀತಿದೆ ಅಂತ, ನೀವ್ ಹೇಳಿದ್ದೇ ಸರಿ, ಎಲ್ಲಾ ನೀರಿನ ಕಿತಾಪತಿ. ಈ ಸಲ ದೇವರಾಜ ಮಾರ್ಕೆಟ್ಟಿಂದ ತಂದ ಹೋಳನ್ನ ಕುಕ್ಕರಿಗೆ ಹಾಕೋ ಬದ್ಲು ಇಡ್ಲಿ ಪಾತ್ರೆಲಿ ಹಬೇಲಿ ಬೇಯಿಸಿ, ರುಬ್ಬಿ, ಹಳೇ ಪಂಚೆ ಬಟ್ಟೇಲಿ 1 ಗಂಟೆ ಕಟ್ಟಿ ನೇತಾಕಿದೆ, ಅರ್ಧ ಲೋಟ ನೀರು ಇಳೀತು ಕಣ್ರೀ! (ಅದನ್ನ ಸಾರಿಗೆ ಹಾಕ್ದೆ.) 1 ಕಪ್ ಪ್ಯೂರಿಗೆ (ನೀರಿಳಿಸಿದ ಆ ರುಬ್ಬಿದ ಕುಂಬಳಕಾಯಿಗೆ) ಒಂದೂವರೆ ಕಪ್ ಗೋಧಿಹಿಟ್ಟು, ಅರ್ಧ ಕಪ್ ಮಂಡ್ಯ ಬೆಲ್ಲದ ಪುಡಿ, ಕಾಲು ಕಪ್ ಎಣ್ಣೆ, ಅಷ್ಟೇ ಮೊಸರು, ಅರ್ಧ ಟೀಚಮಚ ಸೋಡಾ, ಏಲಕ್ಕಿ. ದೊಡ್ಡ ಟಿನ್ ಬಿಟ್ಟು ಸಣ್ಣ ಕಪ್ಪಲ್ಲಿ 180 ಡಿಗ್ರಿಲಿ 25 ನಿಮಿಷ ಇಟ್ಟೆ, ಕಡ್ಡಿ ಚುಚ್ಚಿದ್ರೆ ಏನೂ ಅಂಟ್ಲಿಲ್ಲ. ನಮ್ಮತ್ತೆ ಮಾತ್ರ ‘ಸಿಹಿ ಸಾಲ್ದು’ ಅಂದ್ರು, ಅಂತಂತಾನೇ ಮೂರು ತಿಂದ್ರು.